ಬಿಟ್ಟಿ ಎಂಬ ಶಬ್ದ ಯಾರ ಮನೆಯದು?

ಗೆಳೆಯರೆ, ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ,

ಒಂದು ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಕಾಲೇಜಿನ ಕಟ್ಟೆಯ ಮೇಲೆ, ಚಹಾದಂಗಡಿಯ ಬೆಂಚಿನ ಮೇಲೆ, ಫಲಿತಾಂಶ ಹಚ್ಚಿದ ಬೋರ್ಡಿನ ಮುಂದೆ. "ಇವರಿಗೇನ್ರಿ, ಬಿಟ್ಟಿ ಕೂಳು, ಬಿಟ್ಟಿ ಪುಸ್ತಕ, ಬಿಟ್ಟಿ ಸೀಟು." ನಮ್ಮ ಮುಖ ನೋಡಿ ಹೇಳುವ ಧೈರ್ಯ ಅವರಿಗಿಲ್ಲ. ನಮಗೆ ಕೇಳಿಸುವಷ್ಟು ದೂರದಲ್ಲಿ ನಿಂತು ಹೇಳುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದ ಪ್ರಯಾಣ ಶುರುವಾದ ಮೇಲೆ ಈ ಶಬ್ದಕ್ಕೆ ಇನ್ನೂ ರೆಕ್ಕೆ ಬಂತು. ದುಬಲಗುಂಡಿಯಿಂದ ಹುಮನಾಬಾದಿಗೆ ಹೊರಟಿದ್ದ ನಮ್ಮ ಅವ್ವನಿಗೆ ಬಸ್ಸಿನಲ್ಲಿ ಒಬ್ಬ ಇಸ್ತ್ರಿ ಅಂಗಿಯವ ಅಂದ: "ಬಿಟ್ಟಿ ಭಾಗ್ಯದವರು ಹಿಂದ ಹೋಗ್ರಿ."

ಅವ್ವ ಹಿಂದೆ ಹೋಗಿ ನಿಂತಳು. ಜಗಳ ಮಾಡಲಿಲ್ಲ. ಸಂಜೆ ಮನೆಗೆ ಬಂದು, ರೊಟ್ಟಿ ಬಡಿಯುತ್ತಾ ನಮ್ಮನ್ನು ಕೇಳಿದಳು: "ಬಿಟ್ಟಿ ಅಂದ್ರ ನಮ್ಮ ಅತ್ತಿ ಸಾವ್ಕಾರರ ಹೊಲದಾಗ ಮಾಡ್ತಿದ್ಲಲ್ಲ, ಅದಲ್ಲೇನೋ? ಅದು ನಾವು ಕೊಟ್ಟಿದ್ದು. ನಮಗ್ಯಾವಾಗ ಸಿಕ್ತು?"

ನಾವು ಬಿ.ಎ. ಮುಗಿಸಿದವರು. ಕವಿತೆ ಬರೆಯುತ್ತೇವೆಂದು ಎದೆ ಉಬ್ಬಿಸಿಕೊಂಡು ತಿರುಗುವವರು. ಅಕ್ಷರ ಬರದ ಅವ್ವನ ಒಂದು ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಯಾವ ಶಬ್ದ ಕೇಳಿದರೂ ಅದರ ಬೆನ್ನು ಹತ್ತುತ್ತೇವೆ. ಎಲ್ಲಿಂದ ಬಂತು, ಯಾರ ಬಾಯಿಂದ ಯಾರ ಬಾಯಿಗೆ ಬಂತು, ಬರುವಾಗ ಏನು ಕಳಕೊಂಡಿತು?

ಸಂಘಟನೆಯ ಕೆಲವು ಅಣ್ಣಂದಿರು ನಕ್ಕರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಭೂಮಿ ಕೇಳಬೇಕಾದವರು ನಿಘಂಟು ಕೇಳಲಿಕ್ಕೆ ಹೊಂಟೀರಿ?" ಎಂದರು. ಈ ಲೇಖನ ಬಸ್ಸಿನ ಇಸ್ತ್ರಿ ಅಂಗಿಯವನಿಗೂ ಉತ್ತರ, ಆ ಅಣ್ಣಂದಿರಿಗೂ ಉತ್ತರ. ನಡುವೆ ನಮಗೆ ನಾವೇ ಹಾಕಿಕೊಂಡ ಛಡಿ ಏಟೂ ಇದೆ.

* * *

ಮೊದಲು ನಮ್ಮ ದಡ್ಡತನ ಹೇಳಿಬಿಡುತ್ತೇವೆ.

ಹೊಸದಾಗಿ ಕೊಡಲಿ ಸಿಕ್ಕ ಹುಡುಗ ಕಂಡ ಕಂಡ ಗಿಡಕ್ಕೆ ಏಟು ಹಾಕುವ ಹಾಗೆ ನಾವು ಕಂಡ ಕಂಡ ಶಬ್ದ ಒಡೆದೆವು. ನಮ್ಮ ಊರಿನ ಹೆಸರನ್ನೇ ಮೊದಲು ಹಿಡಿದೆವು. ದುಬಲಗುಂಡಿ. ಮರಾಠಿಯಲ್ಲಿ ದುಬಳಾ ಅಂದರೆ ಬಡವ, ಶಕ್ತಿ ಇಲ್ಲದವ. ಸಂಸ್ಕೃತದ ದುರ್ಬಲದಿಂದ ಬಂದದ್ದು. ಗುಂಡಿ ನಮ್ಮದೇ ಕನ್ನಡ. ಅಂದಮೇಲೆ ದುಬಲಗುಂಡಿ ಅಂದರೆ ಬಡವರು ಬಿದ್ದ ಗುಂಡಿ! ಚಪ್ಪಾಳೆ ತಟ್ಟಿದೆವು. ಒಂದು ಕವಿತೆಯನ್ನೂ ಬರೆದೆವು. ಊರಿನ ಹಿರಿಯರೊಬ್ಬರು ಕೇಳಿ, "ಹಳೇ ಕಲ್ಲಿನಾಗ, ಹಳೇ ದಫ್ತರದಾಗ ಈ ಹೆಸರು ಹ್ಯಾಂಗ ಬರದಾರ, ನೋಡೀರೇನು?" ಎಂದರು. ನೋಡಿರಲಿಲ್ಲ. ಕವಿತೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆವು.

ಊರಿನ ಹೆಸರಿನ ಹಳೆಯ ರೂಪ ನೋಡದೆ ಅದನ್ನು ಒಡೆಯುವುದು ಕಣ್ಣು ಕಟ್ಟಿಕೊಂಡು ಕಟ್ಟಿಗೆ ಸೀಳಿದ ಹಾಗೆ. ನಮ್ಮ ಜಿಲ್ಲೆಯ ಹೆಸರನ್ನೇ ನೋಡಿ. ಪುರಾಣ ಬೇಕಾದವರು ಬೀದರಕ್ಕೆ ಮಹಾಭಾರತದ ವಿದುರನನ್ನು ತಂದು ಕೂಡಿಸುತ್ತಾರೆ. ಪುರಾಣ ಬೇಡದವರು ಬಿದಿರು ಬೆಳೆಯುತ್ತಿತ್ತು ಅನ್ನುತ್ತಾರೆ. ಗುಲಬರ್ಗಾದಲ್ಲಿ ಒಬ್ಬರಿಗೆ ಪಾರಸಿಯ ಹೂವು ಎಲೆ ಕಂಡವು, ಇನ್ನೊಬ್ಬರಿಗೆ ಕನ್ನಡದ ಕಲ್ಲು ಕಂಡಿತು. 2014ರಲ್ಲಿ ಸರ್ಕಾರ ಕಲಬುರಗಿ ಎಂದು ಬೋರ್ಡು ಬದಲಿಸಿತು. ಯಾರಿಗೆ ಯಾವ ಅಜ್ಜ ಬೇಕೋ ಆ ಅಜ್ಜನನ್ನು ಶಬ್ದದಲ್ಲಿ ಹುಡುಕುತ್ತಾರೆ. ಈ ರೋಗ ನಮಗೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಹಾಗಾದರೆ ಭಾಷಾವಿಜ್ಞಾನ ಅಂದರೇನು? ಒಂದು ಶಬ್ದ ಇನ್ನೊಂದರ ಹಾಗೆ ಕೇಳಿಸಿತು ಅಂದ ಮಾತ್ರಕ್ಕೆ ನೆಂಟಸ್ತನ ಕಟ್ಟುವುದಲ್ಲ. ಒಂದೇ ಬಗೆಯ ಬದಲಾವಣೆ ಹತ್ತು ಶಬ್ದಗಳಲ್ಲಿ, ನೂರು ಶಬ್ದಗಳಲ್ಲಿ ತಪ್ಪದೆ ನಡೆದಿದೆಯೇ ಎಂದು ನೋಡುವುದು. ತಮಿಳಿನ ಸೆವಿ ಕನ್ನಡದಲ್ಲಿ ಕಿವಿ. ತಮಿಳಿನ ಸೇರಿ ನಮ್ಮ ಕೇರಿ. ತೆಲುಗಿನ ಚೆವಿ, ಚೆರುವು ನಮ್ಮ ಕಿವಿ, ಕೆರೆ. ನಾವು 'ಕ' ಅನ್ನುವ ಕಡೆ ಅವರು 'ಚ' 'ಸ' ಅನ್ನುತ್ತಾರೆ. ಅದೂ ಇ, ಎ ಸ್ವರ ಮುಂದಿದ್ದಾಗ. ಇದು ನಿಯಮ. ನಿಯಮ ಸಿಕ್ಕಿತು ಅಂದರೆ ನೆಂಟಸ್ತನ ಸಿಕ್ಕಿತು. 1816ರಲ್ಲಿ ಎಲ್ಲಿಸ್ ಎಂಬವನು, 1856ರಲ್ಲಿ ಕಾಲ್ಡ್‌ವೆಲ್ ಎಂಬ ಪಾದ್ರಿ ಇಂಥ ಲೆಕ್ಕ ಹಾಕಿಯೇ ಕನ್ನಡ, ತಮಿಳು, ತೆಲುಗು ಸಂಸ್ಕೃತದ ಮಕ್ಕಳಲ್ಲ, ಬೇರೆಯೇ ಮನೆತನ ಎಂದು ತೋರಿಸಿದರು. ಬರೋ ಮತ್ತು ಎಮೆನೋ 1961ರಲ್ಲಿ ಇಡೀ ಮನೆತನದ ಶಬ್ದಗಳನ್ನು ಒಂದು ನಿಘಂಟಿನಲ್ಲಿ ಕಂತೆ ಕಟ್ಟಿದರು. ಆ ಕಂತೆಗಳಲ್ಲಿ ಕನ್ನಡದ ಪಕ್ಕಕ್ಕೆ ಗೊಂಡರ ಮಾತು ಕೂತಿದೆ, ನೀಲಗಿರಿಯ ತೋಡರ ಮಾತು, ಛೋಟಾ ನಾಗಪುರದ ಕುಡುಖ್, ಬಲೂಚಿಸ್ತಾನದ ಬ್ರಾಹುಈ ಕೂತಿವೆ. ಕನ್ನಡದ ಅಕ್ಕತಂಗಿಯರು ಯಾರು ಎಂದು ಯಾರಾದರೂ ಕೇಳಿದರೆ ಹೇಳಿ: ಕಾಡಿನವರು, ಗುಡ್ಡದವರು.

* * *

ಈಗ ಒಂದು ತರಗತಿಯ ಕಥೆ. ಕಾಲೇಜಿನ ಹೆಸರು ಬೇಡ. ಇಂಥ ಕಾಲೇಜು ಎಲ್ಲ ಊರಲ್ಲೂ ಇದೆ. ನಮ್ಮ ಗೆಳೆಯನೊಬ್ಬ ಪಾಠ ಓದುವಾಗ ಬಾಯಿ ತಪ್ಪಿ ಬೇಳೆಗೆ ಬ್ಯಾಳಿ ಅಂದ. ಪಾಠ ಹೇಳುವವರು ಪುಸ್ತಕ ಮುಚ್ಚಿ, "ಮೊದಲು ಕನ್ನಡ ಕಲಿತು ಬಾ" ಅಂದರು. ಇಡೀ ತರಗತಿ ನಕ್ಕಿತು. ಆಮೇಲೆ ಅವನು ಮೂರು ವರ್ಷ ಆ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ತೊಗರಿ ಕಣಜದಲ್ಲಿ ಹುಟ್ಟಿ, ತೊಗರಿ ರಾಶಿಯಲ್ಲಿ ಕೂಲಿ ಮಾಡಿದವನಿಗೆ ಬೇಳೆಯ ಹೆಸರು ಹೇಳಲು ಬರುವುದಿಲ್ಲವಂತೆ!

ಗೆಳೆಯರೆ, ಈ ಬ್ಯಾಳಿಯನ್ನು ಸ್ವಲ್ಪ ಕುದಿಸಿ ನೋಡೋಣ.

ನಮ್ಮ ಕಡೆ ಮನೆ ಮನಿ ಆಗುತ್ತದೆ, ತಲೆ ತಲಿ, ಹಲಗೆ ಹಲಗಿ. ಶಬ್ದದ ಕೊನೆಯ 'ಎ' ತಪ್ಪದೆ 'ಇ' ಆಗುತ್ತದೆ. ಇದು ಒಂದು ನಿಯಮ. ಇನ್ನೊಂದು: ಮೊದಲಲ್ಲಿ 'ಏ' ಇದ್ದರೆ ಅದು 'ಯಾ' ಆಗುತ್ತದೆ. ಬೇಡ ಬ್ಯಾಡ, ಮೇಲೆ ಮ್ಯಾಲ, ಪೇಟೆ ಪ್ಯಾಟಿ, ಬೇಳೆ ಬ್ಯಾಳಿ. ಆದರೆ ಎಲ್ಲ ಕಡೆ ಆಗುವುದಿಲ್ಲ! ಬೇಲಿಗೆ ಬ್ಯಾಲಿ ಅನ್ನುವುದಿಲ್ಲ, ಬೇಲಿ ಅಂತಲೇ ಅನ್ನುತ್ತೇವೆ. ಕೇರಿಗೆ ಕ್ಯಾರಿ ಅನ್ನುವುದಿಲ್ಲ. ಪ್ಯಾಟಿಗೆ ಹೋಗುತ್ತೇವೆ, ಆದರೆ ಬಜಾನಿಯಲ್ಲಿ ಬಾರಿಸುವುದು ಪೇಟಿ. 'ಓ'ಗೂ ಹಾಗೆಯೇ. ಜೋಳ ಜ್ವಾಳ, ತೋಟ ತ್ವಾಟ, ಕೋಟೆ ಕ್ವಾಟಿ. ಆದರೆ ಕೋಳಿ ಕೋಳಿಯೇ, ಓಣಿ ಓಣಿಯೇ. ಬೀದರದ ಕ್ವಾಟಿ ನೋಡಲು ಹೋಗುತ್ತೇವೆ. ಕೋಟಿ ರೂಪಾಯಿ ತಿಂದವರ ಸುದ್ದಿ ಓದುತ್ತೇವೆ.

ಯಾಕೆ ಹೀಗೆ? ಮುಂದಿನ ಅಕ್ಷರದಲ್ಲಿ ಮೂಲತಃ ಎ ಅಥವಾ ಅ ಇದ್ದರೆ ಮೊದಲ ಸ್ವರ ಕೆಳಗಿಳಿಯುತ್ತದೆ. ಇ, ಉ ಇದ್ದರೆ ಇಳಿಯುವುದಿಲ್ಲ. ಪ್ಯಾಟಿ, ಪೇಟಿ ಎರಡರ ಕೊನೆಯಲ್ಲೂ ಈಗ 'ಇ' ಇದೆ. ಆದರೆ ಪ್ಯಾಟಿಯ ಕೊನೆಯಲ್ಲಿ ಒಂದಾನೊಂದು ಕಾಲಕ್ಕೆ 'ಎ' ಇತ್ತು ಎಂಬುದನ್ನು ನಮ್ಮ ಅವ್ವನ ನಾಲಿಗೆ ನೆನಪಿಟ್ಟುಕೊಂಡಿದೆ. ಶಾಲೆಯ ಮೆಟ್ಟಿಲು ಹತ್ತದ ನಾಲಿಗೆ! ಒಂದು ಸಲವೂ ತಪ್ಪುವುದಿಲ್ಲ. ಕೇಶಿರಾಜನಿಗೆ ಶಿಷ್ಯನಾಗಿ ಹನ್ನೆರಡು ವರ್ಷ ಕೂತವನೂ ಇಷ್ಟು ಕರಾರುವಾಕ್ಕಾಗಿ ಸೂತ್ರ ಪಾಲಿಸುತ್ತಾನೋ ಇಲ್ಲವೋ. ನಮ್ಮ ಗೆಳೆಯ ಅವತ್ತು ತಪ್ಪು ಓದಿರಲಿಲ್ಲ. ಎರಡು ಸೂತ್ರಗಳನ್ನು ಒಂದೇ ಉಸಿರಿನಲ್ಲಿ ಸರಿಯಾಗಿ ಪಾಲಿಸಿದ್ದ. ಆ ಸೂತ್ರ ಗೊತ್ತಿಲ್ಲದಿದ್ದದ್ದು ನಕ್ಕವರಿಗೆ.

ಹಳೇ ಮೈಸೂರು ಕಡೆಯ ಗೆಳೆಯರು ನಮ್ಮ ಸಭೆಗೆ ಬಂದಾಗ ಹಾಲಿಗೆ ಆಲು, ಹಣಕ್ಕೆ ಅಣ ಅನ್ನುತ್ತಾರೆ. ಅವರಿಗೂ ಈ ನಗೆ ತಪ್ಪಿಲ್ಲ. 'ಹಕಾರ ಬರದವರು' ಎಂದು ಹೆಸರಿಟ್ಟಿದ್ದಾರೆ. ಆದರೆ ಹಾಲು ಎಲ್ಲಿಂದ ಬಂತು? ಹಳಗನ್ನಡದಲ್ಲಿ ಅದು ಪಾಲ್. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೊಲ ಹೊಲವಾಯಿತು. ತಮಿಳರು, ತೆಲುಗರು ಇವತ್ತಿಗೂ ಪಕಾರ ಬಿಟ್ಟಿಲ್ಲ. ಕನ್ನಡಿಗರು ಸಾವಿರ ವರ್ಷದ ಈಚೆಗೆ ತುಟಿ ಮುಚ್ಚುವುದನ್ನು ಬಿಟ್ಟು ಬರೀ ಉಸಿರು ಬಿಟ್ಟರು. ಪ ಹೋಗಿ ಹ ಬಂತು. ಆಲು ಅನ್ನುವವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹೋದರು. ಆ ಉಸಿರನ್ನೂ ಬಿಟ್ಟರು. ಆಲು ಅನ್ನುವುದು ಕೆಟ್ಟ ಕನ್ನಡವಾದರೆ ಹಾಲು ಅನ್ನುವುದೂ ಕೆಟ್ಟ ಕನ್ನಡವೇ. ಪಂಪ 941ರಲ್ಲಿ ಕೂತು ಕೇಳಿದ್ದರೆ ನಿಮ್ಮ ಶುದ್ಧ ಕನ್ನಡದ ಪಂಡಿತರನ್ನೂ ತರಗತಿಯಿಂದ ಹೊರಗೆ ಹಾಕುತ್ತಿದ್ದ.

ಹಂಪಿಯನ್ನೇ ನೋಡಿ. ಪಂಪೆ ಹಂಪೆಯಾಯಿತು, ಹಂಪೆ ಹಂಪಿಯಾಯಿತು. ಪಕಾರವನ್ನೂ ಕೆಡಿಸಿದ್ದೇವೆ, ಕೊನೆಯ ಎಕಾರವನ್ನೂ ಕೆಡಿಸಿದ್ದೇವೆ! ಆ 'ಕೆಟ್ಟ' ಹೆಸರನ್ನೇ ಜಗತ್ತಿನ ಪಟ್ಟಿಯಲ್ಲಿ ಬರೆಸಿದ್ದಾರೆ, 1991ರಲ್ಲಿ ಅಲ್ಲಿ ಕನ್ನಡಕ್ಕೊಂದು ವಿಶ್ವವಿದ್ಯಾಲಯವನ್ನೇ ಕಟ್ಟಿದ್ದಾರೆ. ಅರಮನೆಯಿದ್ದ ಊರು ಹಂಪಿಯಾದರೆ ಸರಿ, ನಮ್ಮ ಅಡುಗೆಯ ಬೇಳೆ ಬ್ಯಾಳಿಯಾದರೆ ತಪ್ಪು. ಇದು ವ್ಯಾಕರಣವಲ್ಲ, ಜಾತಿ.

ಈ ಜಾತಿಗೆ ಹಳೆಯ ಹೆಸರು ಅಪಭ್ರಂಶ. ಅಂದರೆ ಜಾರಿ ಬಿದ್ದದ್ದು. ಎರಡು ಸಾವಿರ ವರ್ಷಗಳ ಹಿಂದೆಯೇ ಪತಂಜಲಿ ಹಸುವಿಗೆ ಗೌಃ ಎಂಬುದೊಂದೇ ಸಾಧು ಶಬ್ದ, ಜನ ಅನ್ನುವ ಗಾವೀ, ಗೋಣೀ ಎಲ್ಲ ಅಪಭ್ರಂಶ ಎಂದ. ಹಸು ಕಾಯ್ದವರು ಇಟ್ಟ ಹೆಸರು ಬಿದ್ದದ್ದು, ಹಸು ದಾನ ಪಡೆದವರು ಇಟ್ಟ ಹೆಸರು ಎದ್ದದ್ದು. ಶಬ್ದಕ್ಕೂ ಮಡಿ, ಶಬ್ದಕ್ಕೂ ಮೈಲಿಗೆ! ನಮ್ಮ ಪಂಡಿತರು ಇವತ್ತಿಗೂ 'ಶುದ್ಧ ಕನ್ನಡ' ಅನ್ನುವಾಗ ಅವರ ಕೈಯಲ್ಲಿ ಒಂದು ಕಾಣದ ನೀರಿನ ತಂಬಿಗೆ ಇರುತ್ತದೆ.

ಅಮೆರಿಕದಲ್ಲೂ ಇದೇ ಕಥೆ. ಕಪ್ಪು ಮಕ್ಕಳ ಇಂಗ್ಲಿಷು ಹರಕು, ಅವರಿಗೆ ಯೋಚನೆ ಮಾಡಲೂ ಬರುವುದಿಲ್ಲ ಎಂದು ಶಾಲೆಗಳು ಹೇಳುತ್ತಿದ್ದವು. ವಿಲಿಯಂ ಲೇಬೋವ್ ಎಂಬ ಭಾಷಾವಿಜ್ಞಾನಿ ಹಾರ್ಲೆಮ್ಮಿನ ಓಣಿಗಳಲ್ಲಿ ಹುಡುಗರ ಮಾತನ್ನು ಟೇಪು ಮಾಡಿ, ಆ ಮಾತಿಗೂ ಬಿಗಿಯಾದ ವ್ಯಾಕರಣವಿದೆ, ತರ್ಕವಿದೆ ಎಂದು 1969ರಲ್ಲಿ ಬರೆದ. 1979ರಲ್ಲಿ ಆ್ಯನ್ ಆರ್ಬರ್ ಎಂಬ ಊರಿನ ಕಪ್ಪು ಮಕ್ಕಳ ಪರವಾಗಿ ಕೋರ್ಟಿನಲ್ಲಿ ದಾವೆ ನಡೆದಾಗ ಇಂಥ ಸಾಕ್ಷಿಯೇ ಕೆಲಸಕ್ಕೆ ಬಂತು. ಮಕ್ಕಳ ಮನೆಮಾತನ್ನು ಶಿಕ್ಷಕರು ಮೊದಲು ಅರಿಯಲಿ ಎಂದು ನ್ಯಾಯಾಧೀಶ ಆಜ್ಞೆ ಮಾಡಿದ. ಕಪ್ಪು ಚಿರತೆಗಳಿಂದ ಹೆಸರು ತಂದುಕೊಂಡ ನಾವು ಈ ಪಾಠವನ್ನೂ ತಂದುಕೊಳ್ಳಬೇಕಾಗಿತ್ತು. ತಡವಾಯಿತು, ಈಗ ತಂದುಕೊಳ್ಳೋಣ.

* * *

ಇನ್ನು ನಮಗೆ ನಾವೇ ಹಾಕಿಕೊಳ್ಳಬೇಕಾದ ಏಟು.

ನಮ್ಮ ಸಭೆಗಳಲ್ಲಿ ಒಂದು ಮಾತು ಬಹಳ ಓಡುತ್ತದೆ. ಹೊಲೆಯ ಅಂದರೆ ಹೊಲದ ಒಡೆಯ. ಹೇಳಿದ ಕೂಡಲೇ ಚಪ್ಪಾಳೆ. ಥರ್ಸ್ಟನ್ನನಂಥ ಬಿಳಿಯರ ಪುಸ್ತಕದಲ್ಲೂ ಹೊಲದಿಂದ ಹೊಲೆಯ ಎಂಬ ಮಾತು ಇದೆ. ನಾವೂ ಎರಡು ವರ್ಷ ಇದನ್ನು ಗಂಟಲು ಹರಿಯುವಂತೆ ಹೇಳಿದ್ದೇವೆ. ನಿಯಮ ಕಲಿತ ಮೇಲೆ ನಾಲಿಗೆ ತಡೆಯಿತು. ಹಳಗನ್ನಡದಲ್ಲಿ ಹೊಲ ಪೊಲ, ತಮಿಳಿನಲ್ಲಿ ಪುಲಂ. ಹೊಲೆ, ಅಂದರೆ ಮೈಲಿಗೆ, ಪೊಲೆ, ತಮಿಳಿನಲ್ಲಿ ಪುಲೈ. ಬರೋ-ಎಮೆನೋ ನಿಘಂಟು ಇವನ್ನು ಬೇರೆ ಬೇರೆ ಕಂತೆಯಲ್ಲಿ ಕಟ್ಟಿದೆ. ಒಡೆ ಅಂದರೆ ಸ್ವತ್ತು, ಸ್ವತ್ತುಳ್ಳವ ಒಡೆಯ. ಎಕಾರದ ಶಬ್ದದಿಂದ 'ಎಯ' ಹುಟ್ಟುತ್ತದೆ. ಪೊಲೆಯಿಂದ ಪೊಲೆಯ ಹುಟ್ಟುವುದು ಸಲೀಸು. ಪೊಲದಿಂದ ಹುಟ್ಟಿಸಲು ಬಹಳ ತಿಣುಕಬೇಕು. ನಿಯಮ ನಮ್ಮ ಪರ ಇಲ್ಲ.

ಇದನ್ನು ಬರೆಯುವಾಗ ನಮ್ಮ ಕೈ ನಡುಗಿದೆ. ಒಬ್ಬ ಗೆಳೆಯ ಸಿಟ್ಟಾಗಿ, "ನೀವು ಪಂಡಿತರ ಕಡೆ ಸೇರಿದಿರಿ" ಎಂದ. ಗೆಳೆಯಾ, ಒಂದು ನಿಮಿಷ ಕೇಳು. ನಾವು ಯಾಕೆ ಆ ಅರ್ಥಕ್ಕೆ ಜೋತು ಬಿದ್ದೆವು? ಶಬ್ದದ ಹುಟ್ಟು ಕೀಳಾದರೆ ನಾವೂ ಕೀಳು, ಶಬ್ದದ ಹುಟ್ಟು ಮೇಲಾದರೆ ನಾವೂ ಮೇಲು ಎಂದು ನಂಬಿದ್ದರಿಂದ. ಹುಟ್ಟಿನಿಂದ ಬೆಲೆ ಕಟ್ಟುವುದು ಯಾರ ಶಾಸ್ತ್ರ? ಮನುವಿನ ಶಾಸ್ತ್ರ. ಅವನ ತಕ್ಕಡಿಯಲ್ಲಿ ನಮ್ಮ ಶಬ್ದವನ್ನು ತೂಗಿಸಿಕೊಂಡು, ತೂಕ ಹೆಚ್ಚು ಬರಲಿ ಎಂದು ಬಟ್ಟೆಯಲ್ಲಿ ಕಲ್ಲು ಕಟ್ಟಿಕೊಂಡೆವು. ತಕ್ಕಡಿಯನ್ನೇ ಒಡೆಯಬೇಕಾಗಿತ್ತು. ಮಹಾರ್ ಎಂಬುದರಿಂದಲೇ ಮಹಾರಾಷ್ಟ್ರ ಬಂತು ಎನ್ನುವವರಿಗೂ, ಜಗತ್ತಿನ ಭಾಷೆಗಳೆಲ್ಲ ಕನ್ನಡದಿಂದ ಹುಟ್ಟಿದವು ಎಂದು ಮೊಬೈಲಿನಲ್ಲಿ ಕಳಿಸುವವರಿಗೂ ಇದೇ ಮಾತು. ಗೋತ್ರ ಹುಡುಕುವ ಚಟ ಬಿಡಿ.

ಹೊಲ ನಮಗೆ ಬೇಕು. ಬೇಕಾಗಿರುವುದು ಶಬ್ದದ ಒಳಗೆ ಹೊಲ ಅಡಗಿದೆ ಎಂದಲ್ಲ. ನಮ್ಮ ಅವ್ವ-ಅಪ್ಪ ಅದನ್ನು ಉತ್ತಿದ್ದಾರೆ, ಬಿತ್ತಿದ್ದಾರೆ, ಕಳೆ ತೆಗೆದಿದ್ದಾರೆ ಎಂದು. 1974ರ ಭೂಸುಧಾರಣೆ ಬಂದಾಗ ಉಳುವವನೇ ಒಡೆಯ ಎಂದರು. ಗೇಣಿ ಚೀಟಿ ಇದ್ದವರಿಗೆ ಹೊಲ ಬಂತು. ಕೂಲಿ ಮಾಡಿದವರ ಬಳಿ ಯಾವ ಚೀಟಿಯೂ ಇರಲಿಲ್ಲ. ನಮ್ಮ ಜಗಳ ಆ ಚೀಟಿಯ ಜೊತೆ. ನಿಘಂಟಿನ ಜೊತೆ ಅಲ್ಲ.

* * *

"ಹಾಗಾದರೆ ಶಬ್ದದ ಹಿಂದೆ ಬೀಳುವುದು ಯಾಕೆ?" ಎಂದು ಅಣ್ಣಂದಿರು ಮತ್ತೆ ಕೇಳುತ್ತಾರೆ. ಉತ್ತರ ಇದು: ಶಬ್ದ ನಮಗೆ ಅಜ್ಜನಲ್ಲ, ಸಾಕ್ಷಿ. ಸಾವ್ಕಾರನ ಖಾತೆಪುಸ್ತಕ ಸುಟ್ಟುಹೋಗಬಹುದು. ಗೌಡನ ದಫ್ತರ ಗೆದ್ದಲು ತಿನ್ನಬಹುದು. ಶಬ್ದ ಉಳಿಯುತ್ತದೆ.

ಈಗ ಅವ್ವನ ಪ್ರಶ್ನೆಗೆ ಬರೋಣ. ಕಿಟೆಲ್ ಎಂಬ ಜರ್ಮನ್ ಪಾದ್ರಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ದೊಡ್ಡ ನಿಘಂಟಿದೆ. ಅದರಲ್ಲಿ ಬಿಟ್ಟಿ ತೆಗೆದು ನೋಡಿ. ಕೂಲಿ ಕೊಡದೆ ಮಾಡಿಸುವ ದುಡಿಮೆ. ಸಂಸ್ಕೃತದ ವಿಷ್ಟಿಯ ತದ್ಭವ. ವನ ಬನವಾದ ಹಾಗೆ ವಕಾರ ಬಕಾರವಾಯಿತು, ಷ್ಟ ಟ್ಟ ಆಯಿತು. ನಿಯಮ ಸರಿಯಾಗಿದೆ. ವಿಷ್ಟಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ವಾಕಾಟಕ ರಾಜರು ಬ್ರಾಹ್ಮಣರಿಗೆ ಊರು ದಾನ ಕೊಟ್ಟ ತಾಮ್ರಪಟಗಳಲ್ಲಿದೆ: ಈ ಊರಿಗೆ ವಿಷ್ಟಿಯಿಂದ ಬಿಡುಗಡೆ ಎಂದು. ಅಂದರೆ ಉಳಿದ ಊರುಗಳಿಗೆ ಬಿಡುಗಡೆ ಇಲ್ಲ ಎಂದೇ ಅರ್ಥ. ಕನ್ನಡ ಶಾಸನಗಳ ತೆರಿಗೆ ಪಟ್ಟಿಗಳಲ್ಲಿ ಬಿಟ್ಟಿ ಇದೆ. ತೆಲುಗಿನಲ್ಲಿ ಇದೇ ಶಬ್ದ ವೆಟ್ಟಿ. ನಿಜಾಮನ ರಾಜ್ಯದ ತೆಲಂಗಾಣದಲ್ಲಿ 1946ರಿಂದ 1951ರವರೆಗೆ ರೈತರು, ಕೂಲಿಗಳು ದೊರೆಗಳ ವಿರುದ್ಧ ಬಡಿದಾಡಿದ್ದು ಈ ವೆಟ್ಟಿ ಚಾಕಿರಿಯ ವಿ­ರುದ್ಧ. ನಮ್ಮ ಬೀದರವೂ ಅದೇ ನಿಜಾಮನ ರಾಜ್ಯ.

ಎರಡು ಸಾವಿರ ವರ್ಷ ಈ ಶಬ್ದಕ್ಕಿದ್ದದ್ದು ಒಂದೇ ಅರ್ಥ: ಬಡವನಿಂದ ಕಸಿದುಕೊಂಡ ದುಡಿಮೆ. ಈಗ ಅದರ ಅರ್ಥ ಪುಕ್ಕಟೆ. ಬಿಟ್ಟಿ ಸಿಕ್ಕಿತು, ಬಿಟ್ಟಿ ಬಂತು. ಈ ಅರ್ಥ ಯಾರ ಬಾಯಲ್ಲಿ ಹುಟ್ಟಿರಬೇಕು? ಯೋಚನೆ ಮಾಡಿ. ಬಿಟ್ಟಿ ಮಾಡಿದವಳಿಗೆ ಅದು ಪುಕ್ಕಟೆಯಲ್ಲ. ಬೆನ್ನು ಬಾಗಿದೆ, ಹೆತ್ತ ಕೂಸು ಬದುವಿನ ಮೇಲೆ ಅತ್ತಿದೆ. ಪುಕ್ಕಟೆಯಾದದ್ದು ಮಾಡಿಸಿಕೊಂಡವನಿಗೆ. ಜಗುಲಿಯ ಮೇಲೆ ಕೂತು ನೋಡಿದವನ ಕಣ್ಣಿನ ಅರ್ಥವೇ ಇವತ್ತು ನಿಘಂಟಿನ ಅರ್ಥವಾಗಿದೆ. ಅಷ್ಟೂ ಸಾಲದೆಂದು, ಕೊಟ್ಟವರ ಮೊಮ್ಮಕ್ಕಳಿಗೇ ತೆಗೆದುಕೊಂಡವರ ಮೊಮ್ಮಕ್ಕಳು ಇಂದು ಬಿಟ್ಟಿಯವರು ಅನ್ನುತ್ತಾರೆ! ಕದ್ದ ಮಾಲಿನ ಮೇಲೆ ಕಳ್ಳ ತನ್ನ ಹೆಸರು ಹಚ್ಚೆ ಹಾಕಿಸಿ, ಒಡೆಯನಿಗೇ ಕಳ್ಳ ಎಂದ ಹಾಗೆ.

ಬಿಟ್ಟಿಯ ಜೋಡಿ ಶಬ್ದ ಬೇಗಾರ. ಅದು ಪಾರಸಿಯಿಂದ ಬಂತು. ಹಿಂದೂ ರಾಜ ಹೋಗಿ ಸುಲ್ತಾನ ಬಂದರೂ ಬರೀ ಶಬ್ದ ಬದಲಾಯಿತು, ಹೊರೆ ಬದಲಾಗಲಿಲ್ಲ. ಎರಡೂ ಸೇರಿ 'ಬಿಟ್ಟಿ ಬೇಗಾರಿ' ಆಯಿತು. ಈ ಬೇಗಾರ ಶಬ್ದವನ್ನು ನೀವು ಇನ್ನೊಂದು ಕಡೆ ನೋಡಬಹುದು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 23ನೇ ವಿಧಿ ತೆಗೆಯಿರಿ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಕರಡು ಸಮಿತಿ ಕೊಟ್ಟ ಆ ಇಂಗ್ಲಿಷ್ ಸಂವಿಧಾನದ ನಡುವೆ 'ಬೇಗಾರ್' ಎಂಬ ನಮ್ಮ ಶಬ್ದ ಹಾಗೇ ನಿಂತಿದೆ. ಅನುವಾದ ಮಾಡಿಲ್ಲ. ಸಾವಿರಾರು ಇಂಗ್ಲಿಷ್ ಶಬ್ದಗಳ ನಡುವೆ ಆ ಒಂದು ಶಬ್ದ ಬರಿಗಾಲಲ್ಲಿ, ತಲೆಯ ಮೇಲೆ ಹೊರೆ ಹೊತ್ತು ನಿಂತ ನಮ್ಮ ಮುತ್ಯಾನ ಹಾಗೆ ಕಾಣುತ್ತದೆ. ಅಲ್ಲಿ ಅದು ನಿಂತಿರುವುದು ಕೆಲಸ ಮಾಡಲಿಕ್ಕಲ್ಲ. ಇನ್ನು ಮಾಡುವುದಿಲ್ಲ ಎಂದು ಹೇಳಲಿಕ್ಕೆ.

ಜೀತ ನೋಡಿ. ಮೂಲ ಜೀವಿತ. ಜೀವನ, ಜೀವನಕ್ಕೆ ಕೊಡುವ ಸಂಬಳ. ಜಹೀರಾಬಾದಿನ ಆಚೆ ತೆಲುಗಿನಲ್ಲಿ ಇವತ್ತಿಗೂ ಜೀತಂ ಅಂದರೆ ತಿಂಗಳ ಸಂಬಳ. ಆಫೀಸಿನ ಸಾಹೇಬರೂ ಜೀತಂ ಎಣಿಸಿಕೊಳ್ಳುತ್ತಾರೆ. ನಮ್ಮ ಕನ್ನಡದಲ್ಲಿ ಸಂಬಳ ಹೋಯಿತು, ಜೀವ ಒತ್ತೆ ಉಳಿಯಿತು. ಕಾನೂನಿನಲ್ಲಿ ಜೀತ 1976ರಲ್ಲಿ ರದ್ದಾಯಿತು. ರೈತ ಎಂಬುದು ಅರಬ್ಬಿಯ ರಯ್ಯತ್. ಮೇಯಿಸುವ ಮಂದೆ ಎಂಬ ಅರ್ಥದಿಂದ ಆಳಿಸಿಕೊಳ್ಳುವ ಪ್ರಜೆ ಎಂದಾಯಿತು. ತಮಿಳಿನ ಪಱೈ ಒಂದು ಚರ್ಮವಾದ್ಯ, ಹಳಗನ್ನಡದಲ್ಲೂ ಪಱೆ. ಮಲಯಾಳದಲ್ಲಿ ಪರಯು ಅಂದರೆ ಮಾತಾಡು. ನಿಘಂಟು ಎರಡನ್ನೂ ಒಂದೇ ಕಂತೆಯಲ್ಲಿ ಕಟ್ಟಿದೆ. ಆ ವಾದ್ಯ ಬಾರಿಸಿ ಊರಿಗೆಲ್ಲ ಸುದ್ದಿ ಹೇಳಿದ ಜನರ ಹೆಸರನ್ನು ಇಂಗ್ಲಿಷರು ಎತ್ತಿಕೊಂಡು ಹೋಗಿ 'ಪರೈಯಾ' ಮಾಡಿ, ಜಗತ್ತಿನ ಎಲ್ಲ ಬಹಿಷ್ಕೃತರಿಗೆ ಅಂಟಿಸಿದರು. ಇವತ್ತು ಯಾವುದೋ ದೇಶ ಯುದ್ಧ ಮಾಡಿ ಒಂಟಿಯಾದರೂ ಪತ್ರಿಕೆಗಳು ಅದಕ್ಕೆ ಪರೈಯಾ ಎಂದು ಬರೆಯುತ್ತವೆ. ಬೈಯುವವರಿಗೆ ಆ ಶಬ್ದದೊಳಗಿನ ಡೋಲಿನ ಸದ್ದು ಕೇಳಿಸುವುದಿಲ್ಲ. ನಮಗೆ ಕೇಳಿಸಬೇಕು. ನಮ್ಮ ಕಡೆ ಬಾರಿಸುವುದಕ್ಕೂ ಹಲಗಿ, ಮಕ್ಕಳು ಬರೆಯುವುದಕ್ಕೂ ಹಲಗಿ. ಒಂದನ್ನು ಹೊರಿಸಿದರು, ಇನ್ನೊಂದನ್ನು ಕೊಡಲಿಲ್ಲ.

ಒಂದು ಶಬ್ದಕ್ಕೆ ಎಷ್ಟು ಶಕ್ತಿ ಇದೆ ಎಂಬುದು ನಮ್ಮ ಚಳವಳಿಗೆ ಹೊಸದಲ್ಲ. 1973ರ ನವೆಂಬರ್‌ನಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು, ನಮ್ಮ ಹುಡುಗರ ತಲೆ ಒಡೆಯಿತು, ಅವರ ಮಂತ್ರಿ ಪದವಿ ಹೋಯಿತು. ಆ ಗಾಯದಿಂದಲೇ ದಲಿತ ಸಂಘಟನೆಗೆ ಕಸುವು ಬಂತು. ಬೂಸಾ ಎಲ್ಲಿಯದು? ಹಿಂದಿಯ ಭೂಸಾ, ಸಂಸ್ಕೃತದ ಬುಸ. ಹೊಟ್ಟು. ಅವರದೇ ಮನೆಯ ಶಬ್ದ ಅವರ ಮೇಲೆ ತಿರುಗಿದ್ದಕ್ಕೆ ಅಷ್ಟು ಸಿಟ್ಟು. ನಮ್ಮ ಮೇಲೆ ಎರಡು ಸಾವಿರ ವರ್ಷ ಶಬ್ದ ಎಸೆದವರು ಒಂದು ಶಬ್ದ ತಡೆದುಕೊಳ್ಳಲಾರದೆ ಹೋದರು.

* * *

ಕೊನೆಗೆ ಕೆಲಸದ ಮಾತು.

ನಮ್ಮ ಹುಮನಾಬಾದ್, ಬಸವಕಲ್ಯಾಣದ ಸೀಮೆ ಶಬ್ದದ ಸಂತೆ. 1956ರಲ್ಲಿ ಹಳೆಯ ಬೀದರ ಜಿಲ್ಲೆಯನ್ನು ಮೂರು ರಾಜ್ಯಕ್ಕೆ ಹಂಚಿದರು; ಭಾಷೆಯನ್ನು ಹಂಚಲು ಆಗಲಿಲ್ಲ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಕೇಳುತ್ತೇವೆ. ಸಾಂಗ್ಲಿಯ ಹತ್ತಿರ ಕುಪವಾಡ ಎಂಬ ಇಂಥದೇ ಊರಿಗೆ ಗಂಪರ್ಜ್, ವಿಲ್ಸನ್ ಎಂಬ ವಿದ್ವಾಂಸರು ಹೋಗಿ 1971ರಲ್ಲಿ ಬರೆದರು: ಆ ಊರಿನ ಕನ್ನಡ, ಮರಾಠಿ, ಉರ್ದು ಮಾತುಗಳ ವಾಕ್ಯದ ಕಟ್ಟಡ ಹೆಚ್ಚುಕಮ್ಮಿ ಒಂದೇ ಆಗಿಹೋಗಿದೆ, ಶಬ್ದ ಮಾತ್ರ ಬೇರೆ. ಜಗತ್ತಿನ ಭಾಷಾವಿಜ್ಞಾನದ ತರಗತಿಗಳಲ್ಲಿ ಇವತ್ತಿಗೂ ಆ ಊರಿನ ಪಾಠ ನಡೆಯುತ್ತದೆ. ಹೊಲದಲ್ಲಿ, ಸಂತೆಯಲ್ಲಿ ಕೂಡಿ ದುಡಿದವರ ವ್ಯಾಕರಣ ಒಂದಾಯಿತು. ಮನೆಯೊಳಗೆ ಜಾತಿ ಬೇರೆ ಬೇರೆ ಕೂಡಿಸಿದ್ದರಿಂದ ಶಬ್ದ ಬೇರೆ ಉಳಿಯಿತು. ದುಡಿಮೆ ಕೂಡಿಸಿದ್ದನ್ನು ಜಾತಿ ಅಗಲಿಸಿತು. ನಮ್ಮ ಊರುಗಳಲ್ಲೂ ಇಂಥ ಪಾಠ ಬಿದ್ದಿದೆ, ಬರೆದುಕೊಳ್ಳುವವರಿಲ್ಲ.

ಆದ್ದರಿಂದ ಹಾಸ್ಟೆಲಿನ ಗೆಳೆಯರೆ, ರಜೆಗೆ ಊರಿಗೆ ಹೋಗುವಾಗ ಒಂದು ನೂರು ಹಾಳೆಯ ನೋಟುಬುಕ್ಕು ಒಯ್ಯಿರಿ.

1. ಅವ್ವ, ಆಯಿ, ಮುತ್ಯಾ ಆಡುವ ಶಬ್ದವನ್ನು ಅವರು ಆಡಿದ ಹಾಗೇ ಬರೆಯಿರಿ. ತಿದ್ದಬೇಡಿ. ಬರೀ ಶಬ್ದ ಸಾಲದು, ಇಡೀ ವಾಕ್ಯ ಬರೆಯಿರಿ. ಯಾರು ಯಾರಿಗೆ, ಎಲ್ಲಿ ನಿಂತು ಅಂದರು ಎಂಬುದನ್ನೂ ಬರೆಯಿರಿ. ಸಾವ್ಕಾರನ ಮುಂದೆ ಆಡುವ ಮಾತು ಬೇರೆ, ಕೇರಿಯಲ್ಲಿ ಆಡುವ ಮಾತು ಬೇರೆ.

2. ಚರ್ಮ ಹದ ಮಾಡುವುದು, ಹಗ್ಗ ಹೊಸೆಯುವುದು, ಹಲಗಿ ಕಾಯಿಸುವುದು, ರಾಶಿ ಮಾಡುವುದು, ಇವುಗಳ ಶಬ್ದ ಮೊದಲು ಬರೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ತೆಗೆದು, ಅವುಗಳಲ್ಲಿ ಎಷ್ಟಿವೆ ಎಷ್ಟಿಲ್ಲ ಎಣಿಸಿ. ಇಲ್ಲದ್ದರ ಪಟ್ಟಿ ನಮಗೆ ಕಳಿಸಿ. ಈ ಪತ್ರಿಕೆಯಲ್ಲಿ ಹಾಕುತ್ತೇವೆ.

3. ಶಬ್ದ ಒಡೆಯುವ ಅವಸರ ಬೇಡ. ಹಳೆಯ ರೂಪ ನೋಡಿ. ಅದೇ ಬಗೆಯ ಇನ್ನು ಮೂರು ಶಬ್ದವಾದರೂ ಸಿಗುವವರೆಗೆ ಬಾಯಿ ಬಿಡಬೇಡಿ. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ ಎಂದು ಸುಳ್ಳು ಹೇಳಬೇಡಿ. ಸುಳ್ಳಿನ ಮೇಲೆ ನಿಂತ ಅಭಿಮಾನವನ್ನು ಎದುರಾಳಿ ಒಂದೇ ಪ್ರಶ್ನೆಯಿಂದ ಬೀಳಿಸುತ್ತಾನೆ.

4. ನಮ್ಮಲ್ಲೇ ಒಬ್ಬರ ಮಾತಿಗೆ ಒಬ್ಬರು ನಗುವುದನ್ನು ನಿಲ್ಲಿಸಿ. ಬೆಂಗಳೂರಿಗೆ ಹೋಗಿ ಬಂದವನು ಬೀದರದವನಿಗೆ ನಗುವುದು, ಬೀದರದವನು ಚಾಮರಾಜನಗರದವನಿಗೆ ನಗುವುದು, ಇದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಾತಿಯ ನಕಲು.

ಬರೆಯುವ ಕನ್ನಡವನ್ನೂ ಕಲಿಯೋಣ, ಇಂಗ್ಲಿಷನ್ನೂ ಕಲಿಯೋಣ. ಅರ್ಜಿ ಬರೆಯಲು, ಕೋರ್ಟಿಗೆ ಹೋಗಲು, ಪರೀಕ್ಷೆ ಗೆಲ್ಲಲು ಅವು ಬೇಕೇ ಬೇಕು. ಆದರೆ ಅವ್ವನ ಮಾತನ್ನು ತಿಪ್ಪೆಗೆ ಎಸೆದು ಕಲಿಯಬೇಕಿಲ್ಲ.

ಹೋದ ತಿಂಗಳು ಅವ್ವನಿಗೆ ಕಿಟೆಲನ ಪುಟ ಓದಿ ಹೇಳಿದೆವು. ನೂರಾ ಮೂವತ್ತು ವರ್ಷದ ಹಿಂದೆಯೇ ನಿನ್ನ ಮಾತು ಇದರಾಗ ಬರದಾರ ಅವ್ವಾ, ಬಿಟ್ಟಿ ಅಂದ್ರ ಕೂಲಿ ಕೊಡದೆ ಮಾಡಿಸಿಕೊಂಡ ಕೆಲಸ ಅಂತ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಬಸ್ಸಿನ್ಯಾಗಿನವಂಗ ಯಾರು ಹೇಳವರು?" ಎಂದಳು.

ನಾವು ಹೇಳುತ್ತೇವೆ. ನೀವೂ ಹೇಳಿ. ಇನ್ನೊಮ್ಮೆ ಯಾರಾದರೂ ನಿಮಗೆ ಬಿಟ್ಟಿ ಕೂಳು ತಿನ್ನುವವರು ಅಂದರೆ ತಲೆ ತಗ್ಗಿಸಬೇಡಿ, ಕೈ ಎತ್ತಲೂ ಬೇಡಿ. ಎದುರು ನಿಂತು ಹೀಗೆ ಕೇಳಿ: "ಬಿಟ್ಟಿ ಅಂದ್ರೇನು ಗೊತ್ತೇನ್ರಿ? ಯಾರು ಮಾಡಿದ್ದು, ಯಾರು ಉಂಡದ್ದು? ಲೆಕ್ಕ ತೆಗೀರಿ. ನಾವು ಕೂತೀವಿ."

ಜೈ ಭೀಮ್.